ಗೋದಲಿಗೆ ಬಿದ್ದ ರೊಟ್ಟಿ

ನಾಗರಕಟ್ಟಿಯ ಕಲ್ಲುಮಠಕ್ಕೆ ಹೆಸರು ಮಾತ್ರ ಕಲ್ಲಿನದು, ಗೋಡೆಗಳೆಲ್ಲ ಮಣ್ಣಿನವು. ಆ ಮಠದ ಪಡಸಾಲೆಯಲ್ಲಿ ಶ್ರೀ ರೇವಯ್ಯ ಅಜ್ಜನವರು ಒಂದು ಹಳೆಯ ಕಂಬಳಿ ಹಾಸಿಕೊಂಡು, ಮುಂದೆ ಮೊರ ಇಟ್ಟುಕೊಂಡು, ದಾಸೋಹದ ಜೋಳ ಹಸನು ಮಾಡುತ್ತ ಕೂತಿರುತ್ತಿದ್ದರು. ದರ್ಶನಕ್ಕೆ ಬಂದ ದೊಡ್ಡವರು ಅವರನ್ನು ಮಠದ ಆಳೆಂದು ತಿಳಿದು ಸ್ವಾಮಿಗಳು ಎಲ್ಲಿದ್ದಾರೆಂದು ಅವರನ್ನೇ ಕೇಳಿದ್ದುಂಟು. ಅಜ್ಜನವರು ಹರಳು ಆರಿಸುವುದನ್ನು ಬಿಡದೆ, ಕೂತುಕೊಳ್ಳಿ ಎಂದು ಕಣ್ಣಲ್ಲೇ ಹೇಳುತ್ತಿದ್ದರು. ಮಾತು ಕಡಿಮೆ. ದಿನಕ್ಕೆ ಒಂದೇ ಊಟ. ಮೊದಲೆಲ್ಲ ಜೋಳಿಗೆ ಹಿಡಿದು ತಾವೇ ಭಿಕ್ಷೆಗೆ ಹೋಗುತ್ತಿದ್ದವರು, ಮೊಣಕಾಲು ಹಿಡಿದುಕೊಂಡ ಮೇಲೆ ಶಿಷ್ಯರನ್ನು ಕಳಿಸುತ್ತಿದ್ದರು.

ಸೋಮವಾರ ದಾಸೋಹ. ಅಂದು ಊರಿನ ಹೆಣ್ಣುಮಕ್ಕಳು ಬುಟ್ಟಿ ತುಂಬ ರೊಟ್ಟಿ ಬಡಿದುಕೊಂಡು ಬರುತ್ತಿದ್ದರು. ಅವನ್ನೆಲ್ಲ ಇಳಿಸಿಕೊಂಡು ದೊಡ್ಡ ಬುಟ್ಟಿಗೆ ಜೋಡಿಸುವ ಅಧಿಕಾರ ನಿಂಬೆಕ್ಕನದು. ನಿಂಬೆಕ್ಕ ಮಠದ ಅಡಿಗೆಮನೆಯಲ್ಲೇ ತಲೆ ಬೆಳ್ಳಗೆ ಮಾಡಿಕೊಂಡ ಹೆಂಗಸು. ಅಜ್ಜನವರ ತಾಟಿಗೆ ಬಡಿಸುವುದು ಆಕೆಯ ಪಾಲಿಗೆ ಪೂಜೆಗಿಂತ ಹೆಚ್ಚು. ಆ ಕೆಲಸವನ್ನು ಇನ್ನೊಬ್ಬರಿಗೆ ಮುಟ್ಟಗೊಡುತ್ತಿರಲಿಲ್ಲ.

ರೊಟ್ಟಿ ತರುವವರಲ್ಲಿ ಕಾಶವ್ವನೂ ಒಬ್ಬಳು. ಸಣ್ಣ ವಯಸ್ಸಿಗೇ ಗಂಡ ತೀರಿಹೋಗಿ, ಕೂಸನ್ನು ಕಟ್ಟಿಕೊಂಡು ಮಠದ ಕಂಬಕ್ಕೆ ಒರಗಿ ಕೂತು ದಿನ ಕಳೆದವಳು. ಆ ಕಂಬವೊಂದಿಲ್ಲದಿದ್ದರೆ ತಾನು ಬಾವಿ ಪಾಲಾಗುತ್ತಿದ್ದೆ ಎಂದು ಆಕೆಯೇ ಹೇಳುತ್ತಿದ್ದಳು. ಮುಂದೆ ಗಾಡಿ ಹೊಡೆಯುವ ಫಕೀರಪ್ಪನೊಂದಿಗೆ ಆಕೆಯ ಉಡಿಕಿಯಾಯಿತು. ಗಂಡ ಸತ್ತ ಹೆಣ್ಣು ಮತ್ತೆ ಮದುವೆಯಾದರೆ ನಮ್ಮ ಕಡೆ ಅದಕ್ಕೆ ಉಡಿಕಿ ಎನ್ನುತ್ತಾರೆ. ಹಂದರವಿಲ್ಲ, ವಾಲಗವಿಲ್ಲ, ಒಂದು ಸೀರೆ ಉಡಿಸಿದರೆ ಮುಗಿಯಿತು. ಅಲ್ಲಿಂದ ಮುಂದೆ ಆ ಹೆಂಗಸನ್ನು ಆರತಿಗೆ ಕರೆಯುವುದಿಲ್ಲ, ಉಡಿ ತುಂಬಲು ಕರೆಯುವುದಿಲ್ಲ. ಹೆಂಡತಿ ಸತ್ತ ಗಂಡಸು ಮತ್ತೆ ಮದುವೆಯಾದರೆ ಅದಕ್ಕೆ ಬೇರೆ ಹೆಸರೇ ಇಲ್ಲ, ಅದೂ ಮದುವೆಯೇ.

ಬೇರೆ ಕಡೆ ಏನೇ ಇರಲಿ, ಗುರುವಿನ ಮನೆಯಲ್ಲಿ ಅದೆಲ್ಲ ಇಲ್ಲ ಎಂದು ಕಾಶವ್ವ ನಂಬಿದ್ದಳು. ಸೋಮವಾರ ತಪ್ಪದೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತರುತ್ತಿದ್ದಳು. ಊರಲ್ಲಿ ಎಳ್ಳು ಅಷ್ಟು ಒತ್ತಾಗಿ ಹಚ್ಚುವವರು ಬೇರೆ ಯಾರೂ ಇರಲಿಲ್ಲ. ನಿಂಬೆಕ್ಕ ನಗುತ್ತಲೇ ಬುಟ್ಟಿ ಇಸಿದುಕೊಳ್ಳುತ್ತಿದ್ದಳು.

ಒಂದು ಸೋಮವಾರ ಕಾಶವ್ವನ ಮಗಳು ಶಂಕ್ರಿ ಕರು ನೋಡಲು ಹಿಂದಿನ ಕೊಟ್ಟಿಗೆಗೆ ಓಡಿದಳು. ತಿರುಗಿ ಬಂದಾಗ ಮುಖದ ತುಂಬ ನಗು. ಪಂಕ್ತಿಗೆ ಕೂತ ಅಷ್ಟೂ ಹೆಂಗಸರ ನಡುವೆ ನಿಂತು ಹೇಳಿದಳು:

“ಅವ್ವಾ, ಮಠದ ಆಕಳಿಗೆ ನಮ್ಮ ರೊಟ್ಟಿ ಅಂದ್ರ ಭಾಳ ಸೇರತೈತಿ. ಗೋದಲಿ ತುಂಬ ನಮ್ಮವ ಅದಾವು.”

ನಿಂಬೆಕ್ಕನ ಕೈಯಲ್ಲಿದ್ದ ಸೌಟು ನಿಂತಿತು. ಕಾಶವ್ವ ಎದ್ದು ಹಿಂದೆ ಹೋಗಿ ನೋಡಿದಳು. ಆಕಳ ಮೇವು ಹಾಕುವ ಗೋದಲಿಯಲ್ಲಿ, ಹೊಟ್ಟಿನ ಮೇಲೆ, ಎಳ್ಳು ಹಚ್ಚಿದ ರೊಟ್ಟಿಗಳು ತುಂಡು ಕೂಡ ಆಗದೆ ಬಿದ್ದಿದ್ದವು. ಆಕೆಯ ರೊಟ್ಟಿ ಒಂದು ದಿನವೂ ದಾಸೋಹದ ಬುಟ್ಟಿ ಸೇರಿರಲಿಲ್ಲ.

ಒಬ್ಬ ಹಿರಿಯ ಹೆಂಗಸು ಸಮಾಧಾನ ಹೇಳಲು ಬಂದಳು. ಗೋಮಾತೆಯ ಬಾಯಿಗೆ ಹೋದರೂ ಶಿವನಿಗೇ ಮುಟ್ಟಿದ ಹಾಗೆ, ಅದಕ್ಕೇಕೆ ಬೇಸರ ಎಂದಳು.

“ಹಂಗಾರ ನಿಮ್ಮ ರೊಟ್ಟೀನೂ ಒಂದ್ ವಾರ ಅದ ದಾರೀಲೆ ಮುಟ್ಟಸ್ರಿ” ಎಂದಳು ಕಾಶವ್ವ. ಮಗಳ ಕೈ ಹಿಡಿದು ಉಣ್ಣದೆ ಹೊರಟಳು.

ಆ ವಾರವೆಲ್ಲ ಆಕೆಗೆ ಒಲೆಯ ಮುಂದೆ ಕೂತರೂ ಕೆಲಸ ಸಾಗಲಿಲ್ಲ. ಫಕೀರಪ್ಪನಿಗೆ ಇದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ. ಆ ಮಠ ಬಿಡು, ನೆರೆಯೂರಿನ ಮಠಕ್ಕೆ ಗಾಡಿ ಕಟ್ಟುತ್ತೇನೆ, ಶಿವ ಏನು ನಾಗರಕಟ್ಟಿಗೆ ಮಾತ್ರ ಗುತ್ತಿಗೆ ಬಿದ್ದಿದ್ದಾನೆಯೇ ಎಂದ. ನಾದಿನಿಯದು ಇನ್ನೊಂದು ಮಾತು. ಶಂಕ್ರಿಯ ಕೊರಳಿಗೆ ಲಿಂಗ ಕಟ್ಟಿದವರು ಅಜ್ಜನವರು, ಆ ಮನೆಗೆ ಬೆನ್ನು ತಿರುಗಿಸಿದರೆ ಮಗಳಿಗೆ ತಟ್ಟುತ್ತದೆ ಎಂದು ಹೆದರಿಸಿದಳು. ಹೋದರೆ ಮಾನ ಹೋಗುತ್ತದೆ, ಬಿಟ್ಟರೆ ಮಗಳಿಗೆ ಏನಾಗುತ್ತದೋ. ಇವೆರಡಕ್ಕಿಂತ ದೊಡ್ಡ ಮುಳ್ಳು ಇನ್ನೊಂದಿತ್ತು. ಇದು ಅಜ್ಜನವರಿಗೂ ಗೊತ್ತಿತ್ತೇ? ಅಡಿಗೆಮನೆಯ ಮಡಿ ಅಡಿಗೆಮನೆಯಲ್ಲೇ ಹುಟ್ಟಿದರೂ ಅದನ್ನು ಗುರುವಿನ ತಲೆಗೆ ಕಟ್ಟುವುದು ಸುಲಭ. ಆದರೆ ನಿಜವಾಗಿಯೂ ಅವರದೇ ಅಪ್ಪಣೆ ಇದ್ದಿದ್ದರೆ, ಇಷ್ಟು ವರ್ಷ ಆಕೆ ಒರಗಿ ಕೂತ ಕಂಬವೂ ಸುಳ್ಳಾಗುತ್ತಿತ್ತು.

ಮುಂದಿನ ಸೋಮವಾರ ಆಕೆ ಬುಟ್ಟಿಯಿಲ್ಲದೆ ಬಂದು ಪಡಸಾಲೆಯಲ್ಲಿ ನಿಂತಳು. ಅಜ್ಜನವರು ಜೋಳ ಆರಿಸುತ್ತಿದ್ದರು. ನಿಂಬೆಕ್ಕ ಅಡಿಗೆಮನೆಯ ಬಾಗಿಲಲ್ಲಿ ಕಿವಿ ಇಟ್ಟಿದ್ದಳು. ಕಾಶವ್ವ ನಮಸ್ಕಾರ ಮಾಡಿ, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಕೊನೆಗೆ ಕೇಳಿದಳು:

“ತಮಗಿದು ಗೊತ್ತಿತ್ತೇನ್ರಿ ಅಜ್ಜಾರ?”

ಅಜ್ಜನವರು ಮೊರ ಕೆಳಗಿಟ್ಟರು.

“ಗೊತ್ತಿರಲಿಲ್ಲವ್ವಾ. ಗೊತ್ತಿರಬೇಕಿತ್ತು.”

ಕಾಶವ್ವನ ಕಣ್ಣು ತುಂಬಿದವು. ಆದರೆ ಆಕೆ ಮನೆಯಿಂದಲೇ ಗಟ್ಟಿ ಮಾಡಿಕೊಂಡು ಬಂದ ಮಾತು ಇನ್ನೂ ಉಳಿದಿತ್ತು. ಮಠ ಬಿಟ್ಟರೆ ಗುರುವಿನ ಸಿಟ್ಟು ಮಗಳಿಗೆ ತಟ್ಟುತ್ತದೆ ಎನ್ನುತ್ತಾರೆ, ಅದೊಂದು ತಟ್ಟದಂತೆ ನೋಡಿಕೊಳ್ಳಬೇಕು ಎಂದು ಸೆರಗೊಡ್ಡಿದಳು.

“ಸಿಟ್ಟು ಬಂದೇತಿ. ನಿಮ್ಮ ಮ್ಯಾಲಲ್ಲ” ಎಂದರು ಅಜ್ಜನವರು.

“ಹಂಗಾರ ನಾ ಹೋಗ್ತೀನ್ರಿ” ಎಂದಳು ಕಾಶವ್ವ.

ಬಾಗಿಲಲ್ಲಿದ್ದ ನಿಂಬೆಕ್ಕ ಆ ಮಾತಿಗೆ ಹೊರಗೆ ಇಣುಕಿದಳು. ನಮ್ಮಲ್ಲಿ ಯಾರ ಮನೆಯಿಂದ ಎದ್ದರೂ ಬರ್ತೀನಿ ಎನ್ನುತ್ತೇವೆ. ನೀರು ತರಲು ಬಾವಿಗೆ ಹೊರಟವರೂ ಹೋಗ್ತೀನಿ ಎನ್ನುವುದಿಲ್ಲ. ಜಗಳವಾಡಿ ಎದ್ದವರ ಬಾಯಲ್ಲೂ ಆ ಮಾತು ಬರುವುದಿಲ್ಲ. ಕಾಶವ್ವ ದಾರಿಯುದ್ದಕ್ಕೂ ಅದನ್ನೇ ರೂಢಿ ಮಾಡಿಕೊಂಡು ಬಂದಿದ್ದಳು.

ಅಜ್ಜನವರು ಇರು ಎನ್ನಲಿಲ್ಲ. ನಿಂಬೆಕ್ಕನನ್ನು ಕರೆದು ಬೈಯಲಿಲ್ಲ. ಕೇಳಿದ್ದು ಒಂದೇ ಮಾತು.

“ನಿಮ್ಮ ಮನಿ ಅಗಸಿ ಒಳಗೋ, ಹೊರಗೋ?”

ಊರ ಅಗಸಿ ಬಾಗಿಲು ದಾಟಿ, ಬೇವಿನ ಗಿಡದ ಪಕ್ಕ ಎಂದಳು.

“ಆತು. ನೀ ಹೋಗು. ನಾ ಬರ್ತೀನಿ.”

ಕಾಶವ್ವ ಅದನ್ನು ಮರ್ಯಾದೆಯ ಮಾತು ಎಂದುಕೊಂಡಳು. ನಿಂಬೆಕ್ಕನೂ ಹಾಗೇ ಎಂದುಕೊಂಡಳು.

ಮರುವಾರ ಕಾಶವ್ವ ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲಿಗೆ ಬಂದು ನೋಡುತ್ತಾಳೆ, ಹೆಗಲಿಗೆ ಜೋಳಿಗೆ, ಕೈಯಲ್ಲಿ ಬಡಿಗೆ, ಬೇವಿನ ಗಿಡದ ನೆರಳಲ್ಲಿ ಅಜ್ಜನವರು. ಬಜಾರವಿಡೀ ಆ ಮೊಣಕಾಲು ಎಳೆದುಕೊಂಡು ಬಂದಿದ್ದರು. ಹಿಂದೆ ಅರ್ಧ ಊರು ನೋಡುತ್ತ ನಿಂತಿತ್ತು.

“ಭಿಕ್ಷಾ ಹಾಕವ್ವಾ” ಎಂದರು.

ಕಾಶವ್ವನಿಗೆ ಕಾಲಿಗೆ ಬೀಳಬೇಕೋ, ಅಳಬೇಕೋ ತಿಳಿಯಲಿಲ್ಲ. ಉಡಿಕಿಯಾದವಳ ರೊಟ್ಟಿ ಮಠಕ್ಕೆ ಆಗುವುದಿಲ್ಲವಲ್ಲ ಎಂಬ ಕುಟುಕು ಮಾತೇ ಮೊದಲು ಬಾಯಿಂದ ಹೊರಟಿತು. ಅಜ್ಜನವರು ಕಟ್ಟೆಯ ಮೇಲೆ ಮೆಲ್ಲಗೆ ಕೂತರು.

“ಆಕಳಿಗೆ ಸೇರತಾವಂತ. ನನಗೂ ಹಸಿವ್ಯಾಗೇತಿ.”

ಬಾಯಲ್ಲಿ ಹಲ್ಲು ಬಹಳ ಉಳಿದಿರಲಿಲ್ಲ. ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿಕೊಂಡು ನಿಧಾನವಾಗಿ ಉಂಡರು. ಶಂಕ್ರಿ ಎದುರಿಗೆ ಕೂತು, ಆಕಳು ಇಷ್ಟು ಹೊತ್ತು ಮಾಡುವುದಿಲ್ಲ ಎಂದಳು. ಅಜ್ಜನವರು ನಕ್ಕರು. ಏಳುವಾಗ ಬಡಿಗೆ ಊರಿ, “ಬರ್ತೀನವ್ವಾ” ಎಂದರು.

ಅಂದು ಮಠದಲ್ಲಿ ನಿಂಬೆಕ್ಕ ತಾಟು ಇಟ್ಟಾಗ, ತಮ್ಮ ಊಟವಾಯಿತು ಎಂದರು. ಹೇಳಿದ್ದು ಅಷ್ಟೇ. ಮುಂದಿನ ಸೋಮವಾರವೂ ಹಾಗೇ ಆಯಿತು. ನಿಂಬೆಕ್ಕ ತೊಳೆದಿಟ್ಟ ತಾಟು ಖಾಲಿಯೇ ಗೋಡೆಗೆ ಒರಗಿತ್ತು. ಅಜ್ಜನವರು ಬೈದಿದ್ದರೆ ಆಕೆ ಅತ್ತು, ಮರೆತು, ಮತ್ತೆ ಬುಟ್ಟಿಗಳನ್ನು ಬೇರೆ ಮಾಡುತ್ತಿದ್ದಳೇನೋ. ಖಾಲಿ ತಾಟನ್ನು ಮಾತ್ರ ಆಕೆಗೆ ಮರೆಯಲಾಗಲಿಲ್ಲ.

ಅದರ ಮುಂದಿನ ಸೋಮವಾರ ಅಜ್ಜನವರಿಗಿಂತ ಮೊದಲೇ ನಿಂಬೆಕ್ಕ ಬೇವಿನ ಗಿಡದ ಮನೆಗೆ ಬಂದಳು. ಬಂದವಳೇ ಕಾಶವ್ವನ ಮೇಲೇ ಹರಿಹಾಯ್ದಳು.

“ಅವರ ಮೊಣಕಾಲು ನೋಡಬಾರದೇನ ಕಾಶಿ? ಎಷ್ಟ್ ದಿನ ನಡಸತಿ ಅವರನ್ನ?”

“ನಡಸಾಕಿ ನಾ ಅಲ್ಲ ನಿಂಬೆಕ್ಕ. ಗೋದಲಿಗೆ ಹಾಕಿದ ಕೈ ನಡಸಾಕತ್ತೈತಿ.”

ನಿಂಬೆಕ್ಕ ಕಟ್ಟೆಯ ಮೇಲೆ ಕೂತಳು. ತನ್ನ ಕೈಯನ್ನೇ ನೋಡಿಕೊಂಡಳು. ತಾನು ಮಠಕ್ಕೆ ಬಂದಾಗ ಮೊದಲಿದ್ದ ಅಡಿಗೆಯವಳು ಹೀಗೆ ಮಾಡುತ್ತಿದ್ದಳು, ತಾನೂ ಮಾಡಿದೆ, ಯಾಕೆಂದು ಕೇಳಲಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಆಮೇಲೆ ಆ ಕೈಯನ್ನೇ ಮುಂದೆ ಚಾಚಿದಳು.

“ಒಂದ್ ರೊಟ್ಟಿ ಕೊಡು. ಇಲ್ಲೇ ತಿಂತೀನಿ.”

ಕಾಶವ್ವ ಹಂಚಿನಿಂದ ತೆಗೆದ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಕೊಟ್ಟಳು. ನಿಂಬೆಕ್ಕ ಮುರಿದು ಬಾಯಿಗೆ ಹಾಕಿಕೊಂಡಳು. ಅಗಿಯುತ್ತ ಅಗಿಯುತ್ತ ಕಣ್ಣೊರೆಸಿಕೊಂಡಳು.

“ಎಳ್ಳು ಜಾಸ್ತಿ ಆತು.”

ಕಾಶವ್ವನಿಗೆ ನಗು ತಡೆಯಲಾಗಲಿಲ್ಲ. ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಆ ನಗುವಿನಲ್ಲೇ ಉರುಳಿಹೋಯಿತು. ಅಜ್ಜನವರು ಬಂದು ನೋಡಿದಾಗ ಇಬ್ಬರೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದರು.

ಎಂದಿನಂತೆ ಉಂಡು ಎದ್ದ ಅಜ್ಜನವರು, “ಬರ್ತೀನವ್ವಾ” ಎಂದರು.

ಕಾಶವ್ವ ಕೈ ಮುಗಿದಳು.

“ಬ್ಯಾಡ್ರಿ ಅಜ್ಜಾರ. ನಾನ ಬರ್ತೀನಿ.”

“ನೀ ಬಂದ್ರೂ ಛಲೋ, ಬರದಿದ್ರೂ ಛಲೋ” ಎಂದರು ಅಜ್ಜನವರು. “ನನಗ ದಾರಿ ಗೊತ್ತಾತು.”

ಮುಂದಿನ ಸೋಮವಾರ ಕಾಶವ್ವ ಬುಟ್ಟಿ ಹೊತ್ತು ಮಠದ ಮೆಟ್ಟಿಲು ಹತ್ತಿದಳು. ನಿಂಬೆಕ್ಕ ಎಲ್ಲರ ಕಣ್ಣೆದುರೇ ಅದನ್ನು ದೊಡ್ಡ ಬುಟ್ಟಿಗೆ ಸುರಿದು, ಎಳ್ಳಿನ ರೊಟ್ಟಿಯನ್ನೇ ಆರಿಸಿ ಅಜ್ಜನವರ ತಾಟಿಗೆ ಇಟ್ಟಳು. ಮೂತಿ ತಿರುವಿದವರೂ ಇದ್ದರು. ಅಜ್ಜನವರು ಉಣ್ಣುವ ರೊಟ್ಟಿಗೆ ಬೇಡವೆನ್ನುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ. ಆಕಳು ಉಪವಾಸ ಬೀಳಬಾರದೆಂದು ಶಂಕ್ರಿ ತಾನೇ ಬಡಿದ ಸೊಟ್ಟ ರೊಟ್ಟಿಯೊಂದನ್ನು ಮರೆಯದೆ ಗೋದಲಿಗೆ ಹಾಕಿ ಬಂದಳು.

ಸಂಜೆ ಹೊರಡುವಾಗ ಕಾಶವ್ವ ಪಡಸಾಲೆಯ ಕಂಬವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಜ್ಜನವರು ಜೋಳದ ಮೊರದ ಮೇಲೆ ಬಾಗಿದ್ದರು.

“ಬರ್ತೀನ್ರಿ ಅಜ್ಜಾರ” ಎಂದಳು. ಈ ಮಾತನ್ನು ಆಕೆ ದಾರಿಯಲ್ಲಿ ರೂಢಿ ಮಾಡಿಕೊಂಡು ಬಂದಿರಲಿಲ್ಲ.

“ಬಾರವ್ವಾ” ಎಂದರು ಅಜ್ಜನವರು, ಮೊರದಿಂದ ಒಂದು ಹರಳನ್ನು ಎತ್ತಿ ಆಚೆಗೆ ಎಸೆಯುತ್ತ.