ಪಾಳೇಗಾರ ಕೆಡವಿಸಿದ ಸುಣ್ಣದ ಗೂಡು

"ಗುರುಗಳೇ, ಕಪ್ಪುಕುಳಿ ಬೆಳಕನ್ನೂ ಬಿಡದೆ ನುಂಗುತ್ತದೆ ಎಂದಿರಿ. ಹಾಗಾದರೆ ಕೆಲವು ಗೆಲಾಕ್ಸಿಗಳ ನಡುವೆ ಅದು ಅಷ್ಟೊಂದು ಪ್ರಖರವಾಗಿ ಬೆಳಗುವುದು ಹೇಗೆ? ಮಂಕಾಗಿರುವ ಗೆಲಾಕ್ಸಿಗಳಲ್ಲಿ ಅಂಥ ಕುಳಿಯೇ ಇಲ್ಲವೆಂದು ಪ್ರಬಂಧದಲ್ಲಿ ಬರೆದುಬಿಡಲೇ?" ಎಂದು ಖಗೋಳ ಕಲಿಯುತ್ತಿದ್ದ ನೀಲಾಂಬಿಕೆ ಕೇಳಿದಳು.

ಬರೆಯುವುದಕ್ಕೆ ನಿನಗೆ ಬಹಳ ಅವಸರ ಎಂದು ಗುರುಗಳು ನಕ್ಕರು. ಬೆಳಗುವುದು ಕುಳಿಯಲ್ಲ, ಅದರ ಬಾಯಿಗೆ ಬೀಳಲು ಹೊರಟ ಅನಿಲ ಮತ್ತು ದೂಳು. ಅವು ಸುತ್ತಿ ಸುತ್ತಿ, ಒಂದಕ್ಕೊಂದು ಉಜ್ಜಿ, ಒಳಗೆ ಹೋಗುವ ಮೊದಲೇ ಕಾದು ಉರಿಯುತ್ತವೆ. ಮೇವು ಹೆಚ್ಚಾದರೆ ಉರಿಯೂ ಹೆಚ್ಚು. ಇಷ್ಟು ಹೇಳಿ, ಉಳಿದದ್ದಕ್ಕೆ ಒಂದು ಕತೆ ಕೇಳು ಎಂದರು.

ಒಬ್ಬ ಪಾಳೇಗಾರ ಕೆರೆ ಕಟ್ಟಿಸುತ್ತಿದ್ದ. ಮಳೆಗಾಲಕ್ಕೆ ಮೊದಲೇ ತೂಬು ಮುಗಿಯಬೇಕಿತ್ತು, ಅದಕ್ಕೆ ಸುಣ್ಣ ಬೇಕಿತ್ತು. ಗುಡ್ಡದ ಬುಡದಲ್ಲಿ ಒಬ್ಬ ಸುಣ್ಣಗಾರ ಗೂಡು ಹೂಡಿ ಸುಣ್ಣದ ಕಲ್ಲು ಸುಡುತ್ತಿದ್ದ. ಸುತ್ತ ಆಳೆತ್ತರದ ದಪ್ಪ ಮಣ್ಣಿನ ಗೋಡೆ, ಬಾಯಿ ಆಕಾಶಕ್ಕೆ. ಕಲ್ಲು ಬೇಯುವ ತನಕ ಗೂಡನ್ನು ಯಾರೂ ಮುಟ್ಟಬಾರದು ಎಂಬುದು ಆ ಕಸುಬಿನ ಕಟ್ಟಳೆ.

ಗೂಡಿಗೆ ಹಾಕುವ ಇದ್ದಿಲು ಪಾಳೇಗಾರನ ಕಾಡಿನದು. ಅದು ಬೇಗ ಬೇಗ ಖಾಲಿಯಾಗುವುದನ್ನು ಕಂಡು ಅವನಿಗೆ ಸಂಕಟವಾಯಿತು. ನೋಡಿ ಬರಲು ಇಬ್ಬರನ್ನು ಕಳಿಸಿದ. ಗುಡ್ಡ ಹತ್ತಿ ಬಂದವನು, ಒಂದು ಗೂಡು ಕಂಡೆ, ಉರಿ ನೇರ ಮುಖಕ್ಕೇ ಬರುತ್ತದೆ, ಕಣ್ಣು ಬಿಡಲಾಗದು ಎಂದ. ಗದ್ದೆಯ ಕಡೆಯಿಂದ ಹೋದವನು, ಒಂದು ಗೂಡು ಕಂಡೆ, ಬರೀ ಗೋಡೆ, ಮೇಲೆ ಒಂದಿಷ್ಟು ಕೆಂಪು ಎಂದ. ಇಬ್ಬರೂ ಸುಳ್ಳಾಡಲಿಲ್ಲ. ಪಾಳೇಗಾರ ಮಾತ್ರ ಗೂಡು ಎರಡು ಎಂದುಕೊಂಡ.

"ಆ ಮಂಕು ಗೂಡು ಕೆಡವಿ. ಅದರ ಇದ್ದಿಲನ್ನು ಉರಿಯುವ ಗೂಡಿಗೆ ಹಾಕಿ" ಎಂದು ಅಪ್ಪಣೆ ಮಾಡಿದ.

ಆಳುಗಳು ಗದ್ದೆಯ ಕಡೆಯಿಂದ ಹೋದರು. ಸುಣ್ಣಗಾರ ಕಾಲಿಗೆ ಬಿದ್ದರೂ ಕೇಳದೆ ಗೋಡೆ ಒಡೆದು ನೀರು ಸುರಿದರು. ಅರೆಬೆಂದ ಕಲ್ಲೆಲ್ಲ ಹಾಳಾಯಿತು. ಆಮೇಲೆ ಉಳಿದ ಇದ್ದಿಲು ಹೊತ್ತು, ಉರಿಯುವ ಗೂಡನ್ನು ಹುಡುಕುತ್ತ ಗುಡ್ಡ ಹತ್ತಿದರು. ಮೇಲಿನಿಂದ ಬಗ್ಗಿ ನೋಡಿದರೆ ತಾವೇ ಒಡೆದ ಗೂಡು ಹೊಗೆಯಾಡುತ್ತಿತ್ತು. ಸುಣ್ಣವಿಲ್ಲದೆ ತೂಬು ನಿಂತಿತು. ಮಳೆ ಬಂತು, ನೀರೆಲ್ಲ ಹರಿದುಹೋಯಿತು, ಆ ವರ್ಷ ಊರಿನವರು ಗದ್ದೆ ನಾಟಿ ಮಾಡಲಿಲ್ಲ.

ಕತೆ ಮುಗಿದರೂ ನೀಲಾಂಬಿಕೆಗೆ ಸಮಾಧಾನವಾಗಲಿಲ್ಲ. "ಅವರಿಗೆ ಹತ್ತಿ ನೋಡಲು ಗುಡ್ಡವಿತ್ತು. ನಾವು ಭೂಮಿ ಬಿಟ್ಟು ಎಲ್ಲಿಗೆ ಹೋಗಿ ನೋಡೋಣ?" ಎಂದಳು.

"ಎಲ್ಲಿಗೂ ಹೋಗಲಾಗದು. ಕುಳಿಯ ಸುತ್ತಲೂ ಆ ಗೂಡಿನ ಗೋಡೆಯಂತೆ ದೂಳಿನ ದಪ್ಪ ಬಳೆ ಇರುವುದುಂಟು, ಪಕ್ಕದಿಂದ ನೋಡುವವರಿಗೆ ಅದು ಉರಿಯನ್ನು ಮರೆಮಾಡುತ್ತದೆ. ಆದರೆ ನೀನು ಮಂಕು ಎಂದ ಅಂಥ ಗೆಲಾಕ್ಸಿಯನ್ನು ಬೇರೊಂದು ಕಡೆಯಿಂದ ನೋಡುವವರು ಯಾರಾದರೂ ಇದ್ದರೆ, ಅವರು ಕಣ್ಣಿಗೆ ಕೈ ಅಡ್ಡ ಹಿಡಿದಿರುತ್ತಾರೆ" ಎಂದರು ಗುರುಗಳು.