ಅರಸನ ಆನೆಗೆ ಗಿರಾಕಿ

ಹೊನ್ನಗೆರೆಯ ಅರಸ ವೀರಮಲ್ಲನಿಗೆ, ತನ್ನನ್ನು ಯಾರೂ ಮಾತಿನಲ್ಲಿ ಮರುಳು ಮಾಡಲಾರರು ಎಂಬ ಹೆಮ್ಮೆ. ಕೋಟೆಯ ಮುಂದೆ ಕೈಕಸುಬಿನವರ ಸಂತೆ ಸೇರಿದ ದಿನ, ಸುಮ್ಮನೆ ಒಂದು ಸುತ್ತು ಹಾಕಿ ಬರುತ್ತೇನೆಂದು ಹೋದ. ಮರಳಿ ಬರುವಾಗ ಹಿಂದೆ ಆಳುಗಳು ಒಂದು ಹೊರೆ ಚಾಪೆ, ಮೊರಗಳ ರಾಶಿ, ಮೇಲೊಂದು ತೊಟ್ಟಿಲು ಹೊತ್ತು ಬಂದರು.

ರಾಣಿ ತೊಟ್ಟಿಲನ್ನು ನೋಡಿದಳು. ಅವರ ಕಿರಿಯ ಮಗನಿಗೇ ಆಗ ಮೀಸೆ ಬಂದಿತ್ತು.

“ಇದು ಯಾರಿಗೆ?” ಎಂದು ಕೇಳಿದಳು.

ಅರಸ ಸಂತೆಯಲ್ಲಿ ನಡೆದದ್ದನ್ನು ಹೇಳಿದ. ತೊಟ್ಟಿಲು ಮಾಡಿದ ಬಡಗಿ ಮರ ತಂದ ಕತೆ ಹೇಳಿದ್ದ, ತೊಟ್ಟಿಲು ತೂಗಿ ತೋರಿಸಿದ್ದ, ಜೋಗುಳವನ್ನೂ ಹಾಡಿದ್ದ. ಕೇಳುತ್ತ ಕೇಳುತ್ತ ಅರಸನ ಕೈ ತಾನಾಗಿಯೇ ಸೊಂಟದ ಚೀಲಕ್ಕೆ ಹೋಗಿತ್ತು. ಅಂತಃಪುರವೆಲ್ಲ ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಿತು.

ಮರುದಿನವೇ ಅರಸ ಡಂಗುರ ಸಾರಿಸಿದ. ಒಳ್ಳೆಯ ಸಾಮಾನಿಗೆ ಬಾಯಿ ಬೇಕಿಲ್ಲ, ಅದು ತಾನೇ ಮಾರಿಹೋಗುತ್ತದೆ. ಇನ್ನು ಮುಂದೆ ಸಂತೆಯಲ್ಲಿ ಮಾರುವವರು ಗಿರಾಕಿಗಳೊಡನೆ ಮಾತಾಡಕೂಡದು. ಮಾತಾಡಿದವರು ಅಲ್ಲೇ ಕೂತು ಹಸಿ ಹಾಗಲಕಾಯಿ ತಿನ್ನಬೇಕು.

ಸಂತೆ ಮಂಕಾಯಿತು. ಗಿರಾಕಿ ಏನಾದರೂ ಕೇಳಿದರೆ ಮಾರುವವರು ಆಕಾಶ ನೋಡುತ್ತಿದ್ದರು. ಎಷ್ಟು ಜಂಬ ಇವರಿಗೆ ಎಂದುಕೊಂಡು ಗಿರಾಕಿ ಹೋಗಿಬಿಡುತ್ತಿದ್ದ. ಚಾಪೆ ಗಟ್ಟಿಯೇ ಎಂದು ಕೇಳಿದವನಿಗೆ ತೋರಿಸಲು ಚಾಪೆ ನೇಯುವ ಮಾಳವ್ವ ಅದರ ಮೇಲೆ ಕುಣಿದಳು. ಅವಳಿಗೆ ದೆವ್ವ ಹಿಡಿದಿದೆ ಎಂದು ಅವನು ಓಡಿದ. ತಡೆಯಲಾರದೆ ಬಾಯಿ ತೆರೆದವರು ಹಾಗಲಕಾಯಿ ಅಗಿದರು.

ಕೊನೆಗೆ ಕಸುಬಿನವರೆಲ್ಲ ಆಸ್ಥಾನದ ಜಾಣ ಚೌಡರಸನ ಮನೆಗೆ ಬಂದರು. ಒಲೆಯಲ್ಲಿ ಬೆಕ್ಕು ಮಲಗಿದೆ, ಹೀಗೇ ಆದರೆ ಊರು ಬಿಡಬೇಕಾಗುತ್ತದೆ ಎಂದು ಮಾಳವ್ವ ಕಣ್ಣೊರೆಸಿಕೊಂಡಳು.

ಚೌಡರಸ ಅರಸನ ಜೊತೆ ವಾದಕ್ಕೆ ಹೋಗಲಿಲ್ಲ. ಬದಲಿಗೆ ಆಜ್ಞೆಯನ್ನು ಬಾಯಿತುಂಬ ಹೊಗಳಿದ. ಆದರೆ ಜನ ಗೊಣಗುತ್ತಿದ್ದಾರೆ, ಪ್ರಭುಗಳೇ ಒಂದು ವಸ್ತು ಮಾಡಿ, ಮಾರುವೇಷದಲ್ಲಿ ಕೂತು, ತುಟಿ ಬಿಚ್ಚದೆ ಮಾರಿ ತೋರಿಸಿದರೆ ಅವರ ಬಾಯಿ ಮುಚ್ಚುತ್ತದೆ ಎಂದ.

ಅರಸನಿಗೆ ತಾನು ಹುಟ್ಟಾ ಕಲಾವಿದ ಎಂಬ ಗುಮಾನಿ ಮೊದಲಿನಿಂದಲೂ ಇತ್ತು. ಕೂಡಲೇ ಮಣ್ಣು ತರಿಸಿ ಒಂದು ಆನೆ ಮಾಡಿದ. ಸಭೆಯವರೆಲ್ಲ ಭಲೇ ಎಂದರು. ಚೌಡರಸ ಮಾತ್ರ ಎತ್ತಿ ನೋಡಿ, ಒಳ್ಳೆ ಭಾರವಿದೆ ಎಂದ.

ಮುಂದಿನ ಸಂತೆಯಲ್ಲಿ ಅರಸ ಕಂಬಳಿ ಹೊದ್ದು, ಸುಳ್ಳು ಗಡ್ಡ ಅಂಟಿಸಿಕೊಂಡು, ಆನೆಯನ್ನು ಮುಂದಿಟ್ಟುಕೊಂಡು ಕೂತ. ಒಬ್ಬ ಬಂದು, ಬದನೆಕಾಯಿ ಚೆನ್ನಾಗಿದೆ ಎಂದು ಮುಂದೆ ನಡೆದ. ಇನ್ನೊಬ್ಬ ಅದನ್ನು ಗುಂಡುಕಲ್ಲು ಎಂದುಕೊಂಡು ಮೆಣಸು ಅರೆಯಬಹುದೇ ಎಂದು ಕೇಳಿದ. ಅರಸ ಹಲ್ಲು ಕಚ್ಚಿ ಕೂತ.

ಆಮೇಲೊಬ್ಬ ಅಜ್ಜಿ ಬಂದು ಎದುರಿಗೇ ಕುಕ್ಕರಿಸಿದಳು. ಆನೆಯನ್ನು ಕೈಗೆತ್ತಿಕೊಂಡು ತಿರುಗಿಸಿದಳು, ಮಗುಚಿದಳು.

“ಹಂದಿಯೇನಪ್ಪ?”

ಅರಸ ಅಲ್ಲವೆಂದು ತಲೆಯಾಡಿಸಿದ. ಗಡ್ಡ ನಡುಗಿತು.

“ಹಾಗಾದರೆ ಕಪ್ಪೆ. ಪಾಪ, ಏನೋ ನುಂಗಿ ಹೊಟ್ಟೆ ಉಬ್ಬಿದೆ.”

“ಆನೆ, ಅಜ್ಜಿ. ಇದು ಆನೆ.”

ಒಮ್ಮೆ ತೆರೆದ ಬಾಯಿ ಮತ್ತೆ ಮುಚ್ಚಲಿಲ್ಲ. ಸೊಂಡಿಲು ಮತ್ತೆ ಮತ್ತೆ ಕಳಚಿ ಬಿದ್ದದ್ದು, ರಾಗಿ ಅಂಬಲಿ ಹಚ್ಚಿ ಅಂಟಿಸಿದ್ದು, ಬಿಸಿಲಿಗಿಟ್ಟಾಗ ತಾನೇ ಕಾವಲು ಕೂತು ಮೂಗು ಸುಟ್ಟುಕೊಂಡದ್ದು, ಎಲ್ಲವನ್ನೂ ಹೇಳಿದ. ಅಜ್ಜಿ ಗಲ್ಲಕ್ಕೆ ಕೈಯಿಟ್ಟು ಕೇಳಿದಳು. ಇಷ್ಟು ಕಷ್ಟಪಟ್ಟು ಮಾಡಿದ್ದೀಯ, ಕೊಡು, ಹಪ್ಪಳ ಒಣಹಾಕಿದಾಗ ಪಕ್ಕದಲ್ಲಿಡುತ್ತೇನೆ, ಕಾಗೆ ಹತ್ತಿರ ಸುಳಿಯುವುದಿಲ್ಲ ಎಂದು ಕಾಸು ಕೊಟ್ಟು ಎತ್ತಿಕೊಂಡು ಹೋದಳು.

ಪಟ್ಟಾಭಿಷೇಕದ ದಿನವೂ ಅರಸನಿಗೆ ಅಷ್ಟು ಖುಷಿಯಾಗಿರಲಿಲ್ಲ. ಕಾಸನ್ನು ಮುಷ್ಟಿಯಲ್ಲಿ ಹಿಡಿದು ಎದ್ದು ನಿಂತರೆ ಎದುರಿಗೆ ಕಾವಲುಗಾರ, ಕೈಯಲ್ಲಿ ಹಾಗಲಕಾಯಿ. ಅರಸ ಗಡ್ಡ ಕಿತ್ತು ತೋರಿಸಿದ. ಕಾವಲುಗಾರನ ಕೈಯಿಂದ ಕಾಯಿ ಕೆಳಗೆ ಬಿತ್ತು. ಅಷ್ಟರಲ್ಲಿ ಅಲ್ಲಿಗೆ ಬಂದ ಚೌಡರಸ ಅದನ್ನೆತ್ತಿ, ಶಲ್ಯದಲ್ಲಿ ಒರೆಸಿ, ಎರಡೂ ಕೈಯಲ್ಲಿ ಅರಸನಿಗೆ ನೀಡಿದ.

“ನಾನೇನು ಮರುಳು ಮಾಡಿ ಮಾರಿದೆನೇ?” ಎಂದ ಅರಸ. “ಅದು ಏನು, ಹೇಗೆ ಮಾಡಿದೆ ಅಂತ ಹೇಳಿದೆ, ಅಷ್ಟೇ.”

“ಇವರೂ ಅಷ್ಟೇ ಹೇಳಿದ್ದು, ಪ್ರಭು. ಅಷ್ಟಕ್ಕೇ ಹಾಗಲಕಾಯಿ ತಿಂದರು.”

ಅರಸ ಸುತ್ತ ನೋಡಿದ. ಸಂತೆಯೆಲ್ಲ ಅವನನ್ನೇ ನೋಡುತ್ತಿತ್ತು. ಕಾಯಿಯನ್ನು ಒಮ್ಮೆ ಕಚ್ಚಿದ, ಮುಖ ಹಿಂಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಆಜ್ಞೆ ಅಲ್ಲೇ ರದ್ದಾಯಿತು. ಮಾಳವ್ವ ಆಗಲೇ ಪಕ್ಕದವನಿಗೆ ಚಾಪೆಯ ಗುಣ ಹೇಳತೊಡಗಿದ್ದಳು.

ಸಂತೋಷದಲ್ಲಿ ಅರಸ ಚೌಡರಸನ ಹೆಗಲ ಮೇಲೆ ಕೈಹಾಕಿ, ನಿನಗೆ ದೊಡ್ಡ ಬಹುಮಾನವೇ ಕೊಡಬೇಕು, ನಿನ್ನ ಮನೆಯ ಹಜಾರದಲ್ಲಿಡಲು ನನ್ನ ಕೈಯಾರೆ ಒಂದು ಕುದುರೆ ಮಾಡಿಕೊಡುತ್ತೇನೆ ಎಂದ.

ಚೌಡರಸ ತಲೆಬಾಗಿದ.

“ಮಹಾಪ್ರಸಾದ, ಪ್ರಭು. ಆದರೆ ಕುದುರೆ ಜೊತೆಗೆ ತಾವೂ ಬಂದು ನಮ್ಮ ಹಜಾರದಲ್ಲೇ ಇರಬೇಕಾಗುತ್ತದೆ. ಬಂದವರಿಗೆ ಅದು ಕುದುರೆ ಅಂತ ಹೇಳಲು ಯಾರಾದರೂ ಬೇಕಲ್ಲ.”