ನಡುವೆ ಬಿಟ್ಟ ಸಾಲು

"ಮಾಸ್ತರೇ, ಜನ ವೆಬ್ ಪುಟದ ಪೆಟ್ಟಿಗೆಯಲ್ಲಿ ಹತ್ತು ಸಾಲು ಬರೆದು ಕಳಿಸುತ್ತಾರೆ. ನಮ್ಮ ಕೈಗೆ ಅದು ಒಂದೇ ಉದ್ದನೆಯ ಪಠ್ಯವಾಗಿ ಬರುತ್ತದೆ. ಅದನ್ನು ಸಾಲುಸಾಲಾಗಿ ಒಡೆಯುವುದು ನನಗೆ ಬಂತು. ಒಡೆದ ಮೇಲೆ ಖಾಲಿ ಸಾಲುಗಳು ಉಳಿಯುತ್ತವಲ್ಲ, ಅವನ್ನು ಎಸೆದುಬಿಡಲೇ?"

ಹೀಗೆ ಕೇಳಿದವಳು ದಾಕ್ಷಾಯಣಿ. ವೆಬ್ ಪುಟ ಕಟ್ಟುವ ವಿದ್ಯೆ ಕಲಿಯಲು ವಿರೂಪಾಕ್ಷ ಮಾಸ್ತರರ ಬಳಿಗೆ ಬಂದು ಅವಳಿಗೆ ನಾಲ್ಕು ತಿಂಗಳಾಗಿತ್ತು. ಮಾಸ್ತರರು ಹೌದು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅವಳು ಬರೆದ ಕೋಡನ್ನು ಒಮ್ಮೆ ಓದಿದರು. ಆಮೇಲೆ ಕತೆ ಹೇಳಿದರು.

ಒಬ್ಬ ಪ್ರೋಗ್ರಾಮರ್ ಇದ್ದ. ಕೆಲಸದಲ್ಲಿ ಚೊಕ್ಕ. ಮುಚ್ಚಿಹೋದ ಒಂದು ನಾಟಕ ಕಂಪನಿಯ ಮಾಲೀಕರ ಮೊಮ್ಮಗಳು ಅವನಿಗೆ ಒಂದು ಪುಟ ಮಾಡಿಕೊಡಲು ಹೇಳಿದಳು. ಕಂಪನಿಯಲ್ಲಿ ದುಡಿದವರು ಊರೂರಿಗೆ ಚದುರಿಹೋಗಿದ್ದರು. ಯಾರಿಗೆ ಯಾರು ನೆನಪಿದ್ದಾರೋ ಅವರ ಹೆಸರುಗಳನ್ನು ಸಾಲಿಗೊಂದರಂತೆ ಬರೆದು ಕಳಿಸಬೇಕು. ಕಳಿಸಿದವರ ಹೆಸರಿನ ಕೆಳಗೆ ಆ ಪಟ್ಟಿ ಕಾಣಬೇಕು. ಕೆಲಸ ಅಷ್ಟೇ.

ಅವನು ಪೆಟ್ಟಿಗೆ ಇಟ್ಟ. ಪಟ್ಟಿಗಳು ಬಂದವು. ಸಾಲು ಮುಗಿಯುವ ಕಡೆ ಕಣ್ಣಿಗೆ ಕಾಣದ ಒಂದು ಗುರುತು ಇರುತ್ತದೆ. ಆ ಗುರುತು ಸಿಕ್ಕಲ್ಲೆಲ್ಲ ಪಠ್ಯವನ್ನು ಒಡೆದ. ಕೆಲವರ ಯಂತ್ರ ಒಂದು ಗುರುತು ಹಾಕುತ್ತಿತ್ತು, ಕೆಲವರದು ಎರಡು. ಎರಡು ಹಾಕಿದ ಕಡೆ ಒಂದು ಗುರುತು ಹೆಸರಿನ ಬಾಲಕ್ಕೆ ಅಂಟಿಕೊಂಡು ಉಳಿಯಿತು. ಅದನ್ನೂ ಒರೆಸಿದ. ಹೆಸರಿನ ಹಿಂದೆ ಮುಂದೆ ಬಿದ್ದಿದ್ದ ಖಾಲಿ ಜಾಗ ಕತ್ತರಿಸಿದ. ಕೊನೆಗೆ, ಏನೂ ಇಲ್ಲದ ಸಾಲುಗಳನ್ನು ಕಿತ್ತುಹಾಕುವ ನಿಯಮ ಬರೆದ. ಪಟ್ಟಿಗಳು ಒತ್ತಾಗಿ ಅಂದವಾಗಿ ನಿಂತವು. ಮೊಮ್ಮಗಳು ಮೆಚ್ಚಿದಳು.

ಪಟ್ಟಿ ಕಳಿಸಿದವರಲ್ಲಿ ಸಾವಂತ್ರವ್ವ ಎಂಬ ಮುದುಕಿ ಒಬ್ಬಳು. ಕಂಪನಿಯಲ್ಲಿ ರಾಜರಾಣಿಯರ ಉಡುಪು ಹೊಲಿಯುತ್ತಿದ್ದವಳು. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಮೂರು ದಿನದಲ್ಲಿ ಪಟ್ಟಿ ಮುಗಿಸಿದ್ದಳು. ಪಾತ್ರದ ರತ್ನಾಬಾಯಿ. ಪರದೆ ಎಳೆಯುವ ಲಾಲಸಾಬ. ತಬಲಾ ಹೇಮಣ್ಣ. ಅದರ ಕೆಳಗೆ ಒಂದು ಸಾಲು ಖಾಲಿ. ಆಮೇಲೆ ಅಡುಗೆಯ ಚಂದ್ರವ್ವ.

ಮರುದಿನ ಪುಟ ತೆರೆದು ನೋಡಿದಳು. ಹೇಮಣ್ಣನ ಕೆಳಗೇ ಚಂದ್ರವ್ವ ಇದ್ದಳು. ತಾನೇ ಎಲ್ಲೋ ತಪ್ಪಿರಬೇಕೆಂದು ಮತ್ತೆ ಬರೆದು ಕಳಿಸಿದಳು. ಈ ಸಲ ಎರಡು ಸಾಲು ಬಿಟ್ಟಳು. ಅವೂ ಕಾಣಲಿಲ್ಲ. ಮೂರನೆಯ ಸಲ ಹನ್ನೆರಡು ಸಾಲು ಬಿಟ್ಟಳು.

ಒಬ್ಬರಿಂದಲೇ ಮೂರು ಪಟ್ಟಿ ಬಂದದ್ದನ್ನು ಪ್ರೋಗ್ರಾಮರ್ ಕಂಡ. ಮುದುಕಿಯ ಬೆರಳು ಗುಂಡಿಯ ಮೇಲೆ ನಿಂತುಬಿಡುತ್ತದೆ ಎಂದುಕೊಂಡ. ಫೋನ್ ಮಾಡಿದ.

"ಅಮ್ಮಾರ, ನಡುವ ಖಾಲಿ ಬಿಡಬ್ಯಾಡ್ರಿ. ಹೆಸರು ಅಷ್ಟ ಬರೀರಿ, ಸಾಕು."

"ಖಾಲಿ ಬಿಟ್ಟಿಲ್ಲೋ ತಮ್ಮಾ," ಎಂದಳು ಸಾವಂತ್ರವ್ವ. "ಅಲ್ಲಿ ನಮ್ಮ ಮನಿಯವರು ಅದಾರ."

ಅವನಿಗೆ ಅರ್ಥವಾಗಲಿಲ್ಲ. ಹೆಸರು ಹೇಳಿದರೆ ತಾನೇ ಬರೆದುಕೊಳ್ಳುವುದಾಗಿ ಹೇಳಿದ. ಗಂಡನ ಹೆಸರನ್ನು ತಾನು ಎಂದೂ ಬಾಯಿಗೆ ತಂದವಳಲ್ಲ ಎಂದಳು ಅವಳು. ಬಳಿಕ ನಿಧಾನವಾಗಿ ಎಲ್ಲವನ್ನೂ ಹೇಳಿದಳು.

ಅವಳ ಗಂಡ ಕಂಪನಿಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತಿದ್ದ. ಒಂದು ಊರಲ್ಲಿ ಬಿಡಾರ ಬಿಟ್ಟಿದ್ದಾಗ ಪೇಟಿಯ ಒಂದು ಸ್ವರ ಕೆಟ್ಟಿತು. ರಿಪೇರಿ ಮಾಡಿಸಿಕೊಂಡು ಸಂಜೆಯ ಆಟಕ್ಕೆ ಬರುತ್ತೇನೆಂದು ಪೇಟಿಯನ್ನು ಹೆಗಲಿಗೇರಿಸಿ ಬೆಳಗಿನ ಬಸ್ಸು ಹತ್ತಿದ. ಬರಲಿಲ್ಲ. ರಿಪೇರಿ ಅಂಗಡಿಗೆ ಹೋಗಿ ಕೇಳಿದರೆ ಅಲ್ಲಿಗೆ ಬಂದೇ ಇರಲಿಲ್ಲ. ಎಂಟು ದಿನ ಕಾದು ಕಂಪನಿ ಮುಂದಿನ ಊರಿಗೆ ಹೋಯಿತು. ಸಾವಂತ್ರವ್ವ ಹೋಗಲಿಲ್ಲ. ಬಸ್ ನಿಲ್ದಾಣದ ಎದುರು ಒಂದು ಕೋಣೆ ಹಿಡಿದು ಹೊಲಿಗೆಗೆ ಕೂತಳು. ಬಂದರೆ ಇದೇ ಊರಿಗೆ ಬರಬೇಕಲ್ಲ ಎಂಬುದು ಅವಳ ಲೆಕ್ಕ. ಇಪ್ಪತ್ತೊಂಬತ್ತು ವರ್ಷವಾದರೂ ಅದೇ ಕೋಣೆಯಲ್ಲಿದ್ದಳು.

"ಪಿಂಚಣಿ ಕೊಡಸ್ತೀವಿ ಅಂತ ಬಂದಿದ್ರು," ಎಂದಳು. "ಅರ್ಜಿಯೊಳಗ ಅವರ ಹೆಸರಿನ ಮುಂಚೆ ದಿವಂಗತ ಅಂತ ಬರೀಬೇಕಂದ್ರು. ಚಹಾ ಕುಡಿಸಿ ಕಳಿಸಿದೆ."

ಪ್ರೋಗ್ರಾಮರ್ ಫೋನ್ ಇಟ್ಟು ಕೋಡ್ ತೆರೆದ. ಪುಣ್ಯಕ್ಕೆ ಜನ ಬರೆದದ್ದನ್ನೆಲ್ಲ ಬಂದ ಹಾಗೇ ಇಟ್ಟಿದ್ದ; ಒಡೆಯುವುದು, ಕೀಳುವುದು ಎಲ್ಲ ತೋರಿಸುವಾಗ ಮಾತ್ರ. ಕೊನೆಯ ನಿಯಮವನ್ನು ಅಳಿಸಿದ. ಸಾವಂತ್ರವ್ವನ ಮೊದಲ ಪಟ್ಟಿಯನ್ನು ಮತ್ತೆ ಹಾಕಿದ. ಅವಳ ಸಾಲು ಬಂತು.

ಆದರೆ ಅದರ ಜೊತೆಗೆ ಉಳಿದವರ ಖಾಲಿ ಸಾಲುಗಳೂ ಬಂದವು. ಅರವತ್ತಮೂರು ಪಟ್ಟಿಗಳಲ್ಲಿ ಅಲ್ಲಲ್ಲಿ ಬಿರುಕು ಬಿಟ್ಟಿತು. ಮೊಮ್ಮಗಳು ಫೋನ್ ಮಾಡಿದಳು. ಪುಟ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿದೆ, ಮೊದಲಿನ ಹಾಗೆ ಮಾಡು ಎಂದಳು. ಅವನು ಒಂದು ತಿಂಗಳ ಸಮಯ ಕೇಳಿಕೊಂಡ.

ಆ ಒಂದು ತಿಂಗಳು ಅವನು ಕೋಡ್ ಬರೆಯಲಿಲ್ಲ. ಖಾಲಿ ಸಾಲು ಬಿಟ್ಟ ಒಬ್ಬೊಬ್ಬರಿಗೂ ಫೋನ್ ಮಾಡಿ, ಇಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದ. ಬಹಳ ಜನ ನಕ್ಕರು. ಕೈ ತಪ್ಪಿ ಒತ್ತಿದ್ದು, ತೆಗೆದುಹಾಕು ಎಂದರು. ಒಬ್ಬ ಬೈದ. ನಾಲ್ಕು ಜನ ಮಾತ್ರ ಸಾಲು ತೆಗೆಯಬೇಡ ಎಂದರು. ಹಾಸ್ಯದ ಪಾತ್ರ ಮಾಡುತ್ತಿದ್ದವನು ಅಲ್ಲಿ ತನ್ನ ತಮ್ಮನಿದ್ದಾನೆ ಎಂದ. ಜಗಳವಾಡಿ ಕಂಪನಿ ಬಿಟ್ಟುಹೋದವನು. ಹೆಸರು ಬರೆದರೆ ಸಿಟ್ಟಾದಾನು ಎಂಬ ಹೆದರಿಕೆ, ಬಿಟ್ಟುಬಿಡಲು ಮನಸ್ಸು ಬರಲಿಲ್ಲ. ಇನ್ನೊಬ್ಬಾಕೆ ಯಾರೆಂದು ಹೇಳಲೇ ಇಲ್ಲ. ಇರಲಿ ಬಿಡು ಎಂದಳು, ಅಷ್ಟೆ.

ಆ ನಾಲ್ಕನ್ನೂ ಸಾವಂತ್ರವ್ವನದನ್ನೂ ಅವನು ಉಳಿಸಿದ. ಉಳಿದವನ್ನು, ಬರೆದವರ ಮಾತಿನ ಮೇಲೆ, ಕೈಯಾರೆ ತೆಗೆದ. ಐದೇ ಸಾಲು ಎಂದಾಗ ಮೊಮ್ಮಗಳು ಒಪ್ಪಿದಳು. ಯಾರ ಯಾರ ಸಾಲೆಂದು ಕೇಳಿ ತಿಳಿದ ಮೇಲೆ ಆ ವಿಷಯ ಮತ್ತೆ ಎತ್ತಲಿಲ್ಲ.

ಆ ನಡುವೆ ತಬಲಾ ಹೇಮಣ್ಣನ ಪಟ್ಟಿಯಲ್ಲಿ ಸಾವಂತ್ರವ್ವನ ಗಂಡ, ಆ ಪೇಟಿಯವನ ಹೆಸರು ಪ್ರೋಗ್ರಾಮರನ ಕಣ್ಣಿಗೆ ಬಿತ್ತು. ಪೂರ್ತಿ ಹೆಸರು, ಊರಿನ ಸಮೇತ. ಅದನ್ನು ತಂದು ಸಾವಂತ್ರವ್ವನ ಪಟ್ಟಿಯಲ್ಲಿ ಇಡಲೇ ಎಂದು ಕೇಳಲು ಫೋನ್ ಮಾಡಿದ.

ಹೇಮಣ್ಣ ಹೆಸರನ್ನು ಹೇಗೆ ಬರೆದಿದ್ದಾನೆ, ಓದಿ ಹೇಳು ಎಂದಳು. ಅವನು ಓದಿದ. ಇನ್ನೊಮ್ಮೆ ಓದು ಎಂದಳು. ಓದಿದ. ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಅವಳಿಗೆ ಎಷ್ಟೋ ವರ್ಷವಾಗಿತ್ತು. ಅತ್ತಳೋ ಏನೋ, ಅವನಿಗೆ ತಿಳಿಯಲಿಲ್ಲ.

ಆಮೇಲೆ ಹೇಳಿದಳು: "ಹೇಮಣ್ಣ ಹೆಸರು ಹಿಡಿದು ಕರದರ ಕರೀಲಿ. ನಂದು ಹಂಗ ಇರಲಿ, ತಮ್ಮಾ."

ಹಾಗೇ ಇಟ್ಟ. ಅವಳು ದಿನಾ ಬೆಳಿಗ್ಗೆ ಹೊಲಿಗೆಗೆ ಕೂರುವ ಮುಂಚೆ ಆ ಪುಟ ತೆರೆಯುತ್ತಾಳೆ. ಹೇಮಣ್ಣನ ತನಕ ಬಂದು ನಿಲ್ಲುತ್ತಾಳೆ. ಕೆಳಗಿನ ಖಾಲಿ ಸಾಲನ್ನು ನೋಡಿ, ಮೊಬೈಲು ಪಕ್ಕಕ್ಕಿಟ್ಟು ಸೂಜಿಗೆ ದಾರ ಪೋಣಿಸುತ್ತಾಳೆ.

ಮಾಸ್ತರರು ಕತೆ ನಿಲ್ಲಿಸಿದರು. ದಾಕ್ಷಾಯಣಿ ಪರದೆಯ ಕಡೆ ನೋಡಲಿಲ್ಲ.

"ಅವರು ಬಂದರೇ, ಮಾಸ್ತರೇ?" ಎಂದು ಕೇಳಿದಳು.

"ಬಂದರೆ ಅವರಿಗೆ ಜಾಗವಿದೆ," ಎಂದರು ಮಾಸ್ತರರು.

ದಾಕ್ಷಾಯಣಿ ಪರದೆಯ ಕಡೆ ತಿರುಗಿ, ಖಾಲಿ ಸಾಲುಗಳನ್ನು ಹಾಗೇ ಬಿಟ್ಟಳು.